ಕ್ರೋಶಾದಲ್ಲಿ ನಿಟ್ಟಿಂಗ್ ತರಹದ ರಿಬ್ ಅಂಚು ಬರಬೇಕು, ಟೊಪ್ಪಿಗೆ

ತೋಟದಂಚು, ಶಿರಸಿ

ನಮಸ್ಕಾರ. ಅಪ್ಪಯ್ಯನಿಗೆ ಒಂದು ಟೊಪ್ಪಿ ಹಾಕುತ್ತಿದ್ದೇನೆ. ನಮ್ಮಲ್ಲಿ ಈಗ ಅಡಕೆ ಸುಲಿಯುವ ಕಾಲ. ಬೆಳಗಿನ ನಾಲ್ಕೂವರೆಗೆಲ್ಲ ಎದ್ದು ಮೆಟ್ಟುಗತ್ತಿ ಮುಂದೆ ಕೂತುಬಿಡುತ್ತಾರೆ, ಕಿವಿ ಕೊರೆಯುವ ಚಳಿ. ಹಳೆಯ ಟೊಪ್ಪಿ ದೊಡ್ಡಾಯಿ ಎರಡು ಕಡ್ಡಿಯಲ್ಲಿ ಹೆಣೆದುಕೊಟ್ಟದ್ದು. ನೆತ್ತಿಯಲ್ಲಿ ತೂತು ಬಿದ್ದರೂ ಅಂಚು ಮಾತ್ರ ಇವತ್ತಿಗೂ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ದೊಡ್ಡಾಯಿಗೆ ಈಗ ಕಣ್ಣು ಮಂದ. ನನಗೆ ಬರುವುದು ಒಂದೇ ಕೊಕ್ಕೆಕಡ್ಡಿಯಲ್ಲಿ ಹಾಕುವ ಕ್ರೋಶಾ ಮಾತ್ರ.

ಒಂದು ವಿಡಿಯೋ ನೋಡಿ ಫ್ರಂಟ್ ಪೋಸ್ಟ್, ಬ್ಯಾಕ್ ಪೋಸ್ಟ್ ಡಬಲ್ (ಕೆಳಗಿನ ಸಾಲಿನ ಹೊಲಿಗೆಯ ಕಂಬವನ್ನೇ ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಸುತ್ತಿ ಹಾಕುವ ಉದ್ದ ಹೊಲಿಗೆ) ಒಂದಾದ ಮೇಲೊಂದು ಹಾಕಿದೆ. ನೋಡಲು ಗೆರೆಗೆರೆ ಚೆಂದ ಬಂತು. ಆದರೆ ಹಲಗೆಯಷ್ಟು ದಪ್ಪ, ಉಲ್ಲನ್ನೂ ಎಣಿಸಿದ್ದಕ್ಕಿಂತ ಜಾಸ್ತಿ ನುಂಗಿತು. ಒಮ್ಮೆ ಹಿಗ್ಗಿದ್ದು ತಿರುಗಿ ಕುಗ್ಗುತ್ತಿಲ್ಲ. ಅಪ್ಪಯ್ಯ ಬಗ್ಗಿ ಸುಲಿಯುವಾಗ ಟೊಪ್ಪಿ ಹುಬ್ಬಿನ ಮೇಲೆ ಜಾರುತ್ತದೆ. "ಬೆಚ್ಚಗಿದ್ದು ಕೂಸೇ, ಆದ್ರೆ ತಲೆ ಮೇಲೆ ನಿಲ್ತಿಲ್ಲೆ" ಅಂದರು.

ತಲೆ ಸುತ್ತಳತೆ 56 ಸೆಂ.ಮೀ., ಕಡ್ಡಿ 4 ಎಂ.ಎಂ., ಸಾಧಾರಣ ದಪ್ಪದ ಅಕ್ರಿಲಿಕ್ ಉಲ್ಲನ್. ಕ್ರೋಶಾದಲ್ಲಿ ದೊಡ್ಡಾಯಿಯ ಅಂಚಿನಂಥದ್ದು ಆಗುತ್ತದೆಯೇ?

ಕಾಳಿ ದಂಡೆ, ಕಾರವಾರ

ಆಗುತ್ತದೆ ತಂಗಿ. ನಾನು ಎರಡೂ ಹಾಕುತ್ತೇನೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ನಿಟ್ಟಿಂಗ್ ರಿಬ್ಬಿನಲ್ಲಿ ಒಂದು ಕಂಬ ಮುಂದೆ ಉಬ್ಬುತ್ತದೆ, ಪಕ್ಕದ್ದು ಹಿಂದೆ ಸರಿಯುತ್ತದೆ. ಬಟ್ಟೆ ನೆರಿಗೆಯಾಗಿ ಮಡಚಿಕೊಂಡೇ ಇರುತ್ತದೆ, ಎಳೆದರೆ ನೆರಿಗೆ ಬಿಡುತ್ತದೆ. ಕ್ರೋಶಾದಲ್ಲಿ ಪ್ರತಿ ಕುಣಿಕೆಯ ತಲೆಗೂ ಬೀಗ ಬಿದ್ದಿರುತ್ತದೆ, ಸಾಲಿನ ಉದ್ದಕ್ಕೆ ಅದು ಅಷ್ಟು ಹಿಗ್ಗದು. ಹಿಗ್ಗುವುದೆಲ್ಲ ಸಾಲಿಗೆ ಅಡ್ಡಲಾಗಿ. ಹಾಗಾಗಿ ಅಂಚನ್ನು ತಲೆಯ ಸುತ್ತ ಹಾಕಬೇಡ. ಅಂಚಿನ ಅಗಲದಷ್ಟೇ ಚೈನ್, ಅಂದರೆ ಒಂದರೊಳಗೊಂದು ಎಳೆದ ಕುಣಿಕೆಗಳ ಸರ, ಹಾಕಿ, ಉದ್ದನೆಯ ಪಟ್ಟಿ ಮಾಡಿಕೊಂಡು, ಆಮೇಲೆ ಅಡ್ಡ ತಿರುಗಿಸಿ ಜೋಡಿಸು. ಆಗ ಸಾಲುಗಳೇ ನಿಂತ ಗೆರೆಗಳಾಗುತ್ತವೆ.

ಹೊಲಿಗೆ ಯಾವುದು ಅಂದರೆ ಸ್ಲಿಪ್ ಸ್ಟಿಚ್. ನಾವು ಸುತ್ತು ಮುಗಿಸಲು ಹಾಕುತ್ತೇವಲ್ಲ, ಅದೇ. ಕೆಲಸವನ್ನು ಮೇಲಿನಿಂದ ನೋಡಿದರೆ ಜಡೆ ಹೆಣೆದಂತೆ ಎರಡೆರಡು ಎಳೆ ಕಾಣುತ್ತವೆ. ಮುಂದಿನ ಎಳೆ ಬಿಟ್ಟು ಹಿಂದಿನ ಎಳೆಯಲ್ಲಿ ಮಾತ್ರ ಕಡ್ಡಿ ತೂರಿಸು, ನೂಲು ಎಳೆದು ನೇರ ಕಡ್ಡಿಯ ಮೇಲಿನ ಕುಣಿಕೆಯಿಂದ ಹೊರಗೆ ತಾ. ಸಾಲು ಮುಗಿದ ಮೇಲೆ ಒಂದು ಚೈನ್ ಹಾಕಿ ತಿರುಗಿಸು. ಬಿಟ್ಟ ಎಳೆಗಳೇ ಉಬ್ಬಿ ರಿಬ್ ಆಗುತ್ತವೆ.

ಕಡ್ಡಿ 4 ಸಾಲದು, 6 ತಗೋ. ಇದರಲ್ಲಿ ಎಲ್ಲರೂ ಸೋಲುವುದು ಕೈ ಬಿಗಿತದಿಂದ. ಅಬ್ಬಲಿಗೆ ದಂಡೆ ಕಟ್ಟುವಾಗ ನಾರು ಬಿಗಿದರೆ ತೊಟ್ಟು ಮುರಿಯುತ್ತದಲ್ಲ, ಅಷ್ಟೇ ಹಗುರ ಕೈ ಬೇಕು. ಕಡ್ಡಿಯ ತುದಿಯಲ್ಲಲ್ಲ, ದಪ್ಪ ಭಾಗದ ತನಕ ಕುಣಿಕೆ ಏರಿಸಿ ಆಮೇಲೆ ಮುಂದಿನದಕ್ಕೆ ಹೋಗು. ನಿಧಾನದ ಕೆಲಸ, ಸಾಲು ತೀರಾ ಗಿಡ್ಡ. ಪಟ್ಟಿ 50 ಸೆಂ.ಮೀ. ಆದರೆ ಸಾಕು. ತಲೆಗಿಂತ ಚಿಕ್ಕದಿದ್ದರೇ ಹಿಡಿದು ನಿಲ್ಲುವುದು.

ಮೊದಲ ಸಲ ಕಪ್ಪು ಉಲ್ಲನ್ ಬೇಡ. ಸಂಜೆ ಕರೆಂಟ್ ಹೋದರೆ ಹಿಂದಿನ ಎಳೆ ಯಾವುದು, ಮುಂದಿನದು ಯಾವುದು ಗೊತ್ತಾಗುವುದಿಲ್ಲ.

ಗುಡ್ಡೆ ಹಾದಿ, ಕುಮಟಾ

ಅಕ್ಕ ಹೇಳಿದ್ದು ಸರಿ, ಆದರೆ ಅಷ್ಟು ತಾಳ್ಮೆ ಇಲ್ಲದವರಿಗೆ ಹಾಫ್ ಡಬಲ್ ಇದೆ, ಮೊದಲೇ ಕಡ್ಡಿಗೆ ನೂಲು ಒಂದು ಸುತ್ತು ಸುತ್ತಿಕೊಂಡು, ಕೊನೆಗೆ ಮೂರೂ ಕುಣಿಕೆಯಿಂದ ಒಟ್ಟಿಗೆ ಎಳೆಯುವ ಹೊಲಿಗೆ. ಹಾಫ್ ಡಬಲ್‌ನಲ್ಲಿ ಜಡೆಯ ಎರಡು ಎಳೆಗಳ ಕೆಳಗೆ ಇನ್ನೊಂದು ಎಳೆ ಅಡ್ಡ ಬಿದ್ದಿರುತ್ತದೆ. ಸಾಲು ತಿರುಗಿಸಿದಾಗ ಅದು ನಿಮ್ಮ ಕಡೆಗೇ ಇರುತ್ತದೆ. ಪ್ರತಿ ಸಾಲೂ ಆ ಮೂರನೇ ಎಳೆಯಲ್ಲೇ ಹಾಕಿ. ಜಡೆ ಆಚೆ ಬದಿಗೆ ಮಗುಚಿ ಉಬ್ಬುತ್ತದೆ, ಎರಡೂ ಬದಿ ಒಂದೇ ತರ ಕಾಣುತ್ತದೆ. ಇದನ್ನೂ ಪಟ್ಟಿಯಾಗಿಯೇ ಹಾಕಬೇಕು. ಬೇಗ ಆಗುತ್ತದೆ, ಸ್ಲಿಪ್ ಸ್ಟಿಚ್‌ನಷ್ಟು ಕುಗ್ಗುವ ಗುಣ ಇಲ್ಲ.

ಹೆಸರಿನ ವಿಷಯ ಒಂದು. ಅಮೆರಿಕದವರ ಸಿಂಗಲ್ ಬ್ರಿಟಿಷ್ ಪುಸ್ತಕದಲ್ಲಿ ಡಬಲ್, ಅವರ ಡಬಲ್ ಇವರ ಟ್ರೆಬಲ್. ಮನೆಯ ಹಳೆ ಪುಸ್ತಕವನ್ನೂ ವಿಡಿಯೋವನ್ನೂ ಬೆರೆಸಿ ನಾನೊಂದು ಇಡೀ ಸ್ವೆಟರ್ ತೋಳು ಬಿಚ್ಚಿದ್ದೇನೆ.

ತೋಟದಂಚು, ಶಿರಸಿ

ಅಕ್ಕ, 10 ಚೈನ್‌ನಿಂದ ಶುರು ಮಾಡಿದೆ. ಹತ್ತು ಸಾಲು ಆಗುವಷ್ಟರಲ್ಲಿ 8 ಉಳಿದಿದೆ, ಪಟ್ಟಿ ಒಂದು ಕಡೆ ಚೂಪಾಗುತ್ತಿದೆ. ಎಲ್ಲಿ ತಪ್ಪುತ್ತಿದೆ?

ಕಾಳಿ ದಂಡೆ, ಕಾರವಾರ

ಸಾಲಿನ ಕೊನೆಯ ಕುಣಿಕೆ. ಸ್ಲಿಪ್ ಸ್ಟಿಚ್‌ನಲ್ಲಿ ಅದು ಮೂಲೆಯಲ್ಲಿ ಮುದುರಿ ಕೂತಿರುತ್ತದೆ, ಚೈನ್‌ನ ಭಾಗ ಅಂದುಕೊಂಡು ಬಿಟ್ಟುಬಿಡುತ್ತೇವೆ. ಪ್ರತಿ ಸಾಲಿನ ಮೊದಲ ಹೊಲಿಗೆಗೆ ಒಂದು ಪಿನ್ನು ಸಿಕ್ಕಿಸು, ತಿರುಗಿ ಬಂದಾಗ ಪಿನ್ನು ಇರುವಲ್ಲೇ ಕೊನೆಯದು. ತಿರುಗಿಸುವಾಗ ಹಾಕಿದ ಚೈನನ್ನು ಲೆಕ್ಕಕ್ಕೆ ಹಿಡಿಯಬೇಡ. ಬಾಯಲ್ಲಿ ಹತ್ತು ಎಣಿಸುತ್ತಾ ಹೋಗು, ಇಪ್ಪತ್ತು ಸಾಲಿನ ಮೇಲೆ ಕಣ್ಣಿಗೇ ರೂಢಿಯಾಗುತ್ತದೆ.

ಪಟ್ಟಿ ಜೋಡಿಸಿದ ಮೇಲೆ ಅದರ ಉದ್ದನೆಯ ಬದಿಯಿಂದ ಎರಡು ಸಾಲಿಗೆ ಒಂದರಂತೆ ಹೊಲಿಗೆ ಎತ್ತಿಕೊಂಡು ಟೊಪ್ಪಿಯ ಮೈ ಮೇಲಕ್ಕೆ ಹಾಕು. ಇಸ್ತ್ರಿ ಮಾತ್ರ ಮುಟ್ಟಿಸಬೇಡ. ಅಕ್ರಿಲಿಕ್ ಬಿಸಿಗೆ ಸತ್ತುಹೋಗುತ್ತದೆ, ಆಮೇಲೆ ಎಷ್ಟು ತೊಳೆದರೂ ಕುಗ್ಗುವ ಗುಣ ವಾಪಸು ಬರುವುದಿಲ್ಲ.

ತೋಟದಂಚು, ಶಿರಸಿ

ಒಂಬತ್ತು ದಿನ ಹಿಡಿಯಿತು. ನನ್ನ ಕೈಯಲ್ಲಿ 10 ಸೆಂ.ಮೀ.ಗೆ 24 ಸಾಲು, ಒಟ್ಟು 120. ಅಲ್ಲಿಂದ 60 ಹೊಲಿಗೆ ಎತ್ತಿಕೊಂಡು ಮೇಲಿನ ಭಾಗವನ್ನು ಸಾದಾ ಹಾಫ್ ಡಬಲ್‌ನಲ್ಲಿ ಮುಗಿಸಿದೆ. ದೊಡ್ಡಾಯಿ ಕೈಯಲ್ಲಿ ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿಯಲಿಲ್ಲ, ಅಂಚನ್ನು ಎರಡೂ ಹೆಬ್ಬೆರಳಲ್ಲಿ ಎಳೆದು ಬಿಟ್ಟು, ಎಳೆದು ಬಿಟ್ಟು ನೋಡಿದರು. ಎಷ್ಟು ನಂಬರ್ ಕಡ್ಡಿಯಲ್ಲಿ ಹೆಣೆದೆ ಅಂತ ಕೇಳಿದರು.