ಕುಶಾಲನಗರದಲ್ಲಿ ಬಾಡಿಗೆಗೆ ಕೊಡೋಕೆ ಮನೆ ತಗೋಬಹುದಾ? ಮೇಲಿನ ಪೋರ್ಶನ್ ಲೀಸಲ್ಲಿದೆ

ಸುಂಟಿಕೊಪ್ಪದವಳು:
ಎಲ್ರಿಗೂ ನಮಸ್ಕಾರ. ಈಚೆಗೆ ಕಾಫಿಗೆ ರೇಟ್ ಚೆನ್ನಾಗಿ ಸಿಕ್ತಲ್ಲ, ಇದ್ದ ಸಾಲ ತೀರಿಸಿ ಕೈಯಲ್ಲಿ ಒಂದು 30 ಲಕ್ಷ ಉಳಿದಿದೆ. ಸುಮ್ನೆ ಬ್ಯಾಂಕಲ್ಲಿ ಇಡೋ ಬದ್ಲು ಕುಶಾಲನಗರದಲ್ಲಿ ಮನೆ ತಗೊಂಡು ಬಾಡಿಗೆಗೆ ಕೊಡೋಣ ಅಂತ ಮನೆಯವ್ರೂ ನಾನೂ ಯೋಚನೆ ಮಾಡ್ತಿದೀವಿ. ಒಂದು ಮನೆ ನೋಡಿದೀವಿ, ಕೆಳಗೊಂದು ಮೇಲೊಂದು ಪೋರ್ಶನ್, 55 ಲಕ್ಷ ಹೇಳ್ತಿದಾರೆ, ಬಾಕಿ 25 ಲಕ್ಷ ಲೋನ್ ಮಾಡ್ಬೇಕು. ಕೆಳಗಡೆ 9 ಸಾವಿರ ಬಾಡಿಗೆ ಬರ್ತಿದೆ, ಮೇಲ್ಗಡೆ ಇರೋರು 5 ಲಕ್ಷಕ್ಕೆ ಲೀಸು (ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಆ ದುಡ್ಡು ವಾಪಸ್ ಕೊಡ್ಬೇಕು), ಅವ್ರು ಬಿಟ್ಮೇಲೆ ಅದಕ್ಕೂ 9 ಬರುತ್ತೆ, ಬಾಡಿಗೆಯಲ್ಲೇ ಕಂತು ಕಟ್ಕೊಂಡು ಹೋಗ್ಬಹುದು ಅಂತಾನೆ ಬ್ರೋಕರ್. ನನ್ನ ಮೈದುನ ಕುಶಾಲನಗರ ಬೇಡ, ಮಡಿಕೇರಿಯಲ್ಲಿ ತಗೊಂಡು ಹೋಂಸ್ಟೇ ಮಾಡಿ ಅಂತಾನೆ. ನಮ್ಗೆ ಇದೆಲ್ಲ ಹೊಸದು, ಮನೆ ಬಾಡಿಗೆಗೆ ಕೊಟ್ಟು ಅನುಭವ ಇರೋರು ದಯವಿಟ್ಟು ಹೇಳಿ.

ಕೂಡಿಗೆ ರೋಡ್:
ಅಕ್ಕ, ಮೊದ್ಲು ಬ್ರೋಕರ್ ಹೇಳಿದ ಲೆಕ್ಕಾನೇ ನೋಡೋಣ. 25 ಲಕ್ಷ, 15 ವರ್ಷ, 9 ಪರ್ಸೆಂಟ್ ಅಂದ್ರೆ ಕಂತೇ ತಿಂಗಳಿಗೆ 25 ಸಾವಿರದ ಮೇಲಾಗುತ್ತೆ. ಎರಡೂ ಮನೆ ತುಂಬಿದ್ರೂ ಬರೋದು 18, ಈಗ ಬರ್ತಿರೋದು ಬರೀ 9. ಉಳಿದಿದ್ದು ತೋಟದಿಂದಾನೇ ಹೋಗ್ಬೇಕು, ಕಾಫಿ ರೇಟ್ ಇಳಿದ ವರ್ಷ ಏನ್ಮಾಡ್ತೀರ? ವರ್ಷಕ್ಕೆ 2.16 ಲಕ್ಷ ಅಂತಾನೇ ಇಟ್ಕೊಳ್ಳಿ, 55ಕ್ಕೆ ಅದು 4 ಪರ್ಸೆಂಟೂ ಇಲ್ಲ, ಅದ್ರಲ್ಲಿ ಕಂದಾಯ, ಪೇಂಟು, ಮನೆ ಖಾಲಿ ಬಿದ್ದ ತಿಂಗಳು ಎಲ್ಲ ಕಳೀಬೇಕು. ಮೇಲಾಗಿ ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ ಕೊನೆಯಿಂದ 1 ಪರ್ಸೆಂಟ್ ಇದ್ದಿದ್ದು 2 ಆಗಿದೆ, ಸ್ಟ್ಯಾಂಪ್ ಡ್ಯೂಟಿ ಸೆಸ್ಸು ಸೇರಿ ಹತ್ರ ಹತ್ರ ಏಳೂವರೆ ಪರ್ಸೆಂಟ್, ಅಂದ್ರೆ 55ಕ್ಕೆ ನಾಲ್ಕು ಲಕ್ಷದ ಮೇಲೆ. ನಿಮ್ಮ 30 ಅಲ್ಲಿಗೆ 26 ಆಯ್ತು.

ಈಗ ಆ ಲೀಸ್ ವಿಷ್ಯ, ಇದು ದೊಡ್ಡದು. ಆ 5 ಲಕ್ಷ ತಗೊಂಡಿರೋದು ಈಗಿನ ಓನರ್, ಮನೆ ನಿಮ್ಮ ಹೆಸ್ರಿಗಾದ್ಮೇಲೆ ಮೇಲಿನವ್ರು ದುಡ್ಡು ಕೇಳೋದು ನಿಮ್ಮನ್ನ, ಕೊಡೋತನಕ ಮನೆ ಬಿಡೋದಿಲ್ಲ. ಲೀಸ್ ಪತ್ರದ ಕಾಪಿ ಇಸ್ಕೊಳ್ಳಿ, ಮೇಲೆ ಹೋಗಿ ಅವ್ರ ಹತ್ರಾನೇ ಮಾತಾಡಿ, ಎಷ್ಟು ಕೊಟ್ಟಿದೀರ ಯಾವಾಗ ಮುಗಿಯುತ್ತೆ ಅಂತ ಅವ್ರ ಬಾಯಿಂದಾನೇ ಕೇಳಿ. ಆ 5 ಲಕ್ಷ ಮನೆ ರೇಟಲ್ಲಿ ಕಳೆದು ಓನರಿಗೆ 50 ಮಾತ್ರ ಕೊಡೋದು, ಹಾಗಂತ ಕ್ರಯದ ಅಗ್ರಿಮೆಂಟಲ್ಲೇ ಬರೆಸಿ, ಲೀಸಿನವ್ರ ಸೈನೂ ಹಾಕ್ಸಿ. ಇದಕ್ಕೆ ಓನರ್ ಒಪ್ಲಿಲ್ಲ ಅಂದ್ರೆ ಆ ಮನೆ ಬಿಟ್ಬಿಡಿ ಅಕ್ಕ, ಬೇರೆ ಸಿಗುತ್ತೆ.

ಬಾಡಿಗೆಗೆ ಜನ ಸಿಗಲ್ಲ ಅನ್ನೋ ಚಿಂತೆ ಮಾತ್ರ ಬೇಡ. ಕೂಡ್ಲೂರು ಕಡೆ ಕಾಫಿ ಕ್ಯೂರಿಂಗ್‌ಗೆ ಬರೋರು, ಕೂಡಿಗೆ ಸೈನಿಕ್ ಸ್ಕೂಲಿನವ್ರು, ಇಂಜಿನಿಯರಿಂಗ್ ಕಾಲೇಜಿನವ್ರು, ಬ್ಯಾಂಕಿನವ್ರು ಕೇಳ್ತಾನೇ ಇರ್ತಾರೆ. ಮೇ ಜೂನಲ್ಲಿ ಟ್ರಾನ್ಸ್‌ಫರ್ ಟೈಮು, ಆಗ ಮನೆ ಖಾಲಿ ಇಟ್ಕೊಂಡ್ರೆ ಒಳ್ಳೆ ಫ್ಯಾಮಿಲಿ ಸಿಗುತ್ತೆ.

ಸ್ಟುವರ್ಟ್‌ಹಿಲ್ ಮನೆಯವ್ರು:
ಕೂಡಿಗೆ ರೋಡಿನವ್ರು ದುಡ್ಡಿನ ಲೆಕ್ಕ ಸರಿಯಾಗಿ ಹೇಳಿದಾರೆ, ನಾನು ಮಳೆ ಬಗ್ಗೆ ಹೇಳ್ತೀನಿ. ಕುಶಾಲನಗರದಲ್ಲಿ ನಮ್ಮ ಮಡಿಕೇರಿಯಷ್ಟು ಮಳೆ ಇಲ್ಲ ಅನ್ನೋದು ನಿಜ, ಆದ್ರೆ ಹೊಳೆ ಇದೆ. 2018ರಲ್ಲೂ 2019ರಲ್ಲೂ ಕಾವೇರಿ ತುಂಬಿ ಸಾಯಿ ಲೇಔಟ್, ಕುವೆಂಪು ಲೇಔಟ್ ಕಡೆ ಮನೆ ಒಳಗೆ ನೀರು ಬಂದಿತ್ತು. ನಿಮ್ಮ ಮನೆ ಯಾವ ಬಡಾವಣೆ ಅಂತ ನೀವು ಬರೆದಿಲ್ಲ, ಅಕ್ಕಪಕ್ಕದ ಮನೆಯವ್ರನ್ನ ಆ ಎರಡು ವರ್ಷ ಇಲ್ಲಿ ನೀರು ಎಲ್ಲಿತನಕ ಬಂತು ಅಂತ ಕೇಳಿ, ಗೋಡೆ ಮೇಲೆ ಕೈ ಇಟ್ಟು ತೋರಿಸ್ತಾರೆ. ಬ್ರೋಕರನ್ನ ಕೇಳ್ಬೇಡಿ.

ಮನೆ ನೋಡೋಕೆ ಜುಲೈ ಆಗಸ್ಟಲ್ಲೇ ಹೋಗಿ. ಬೇಸಿಗೆಯಲ್ಲಿ ಹೊಸ ಪೇಂಟ್ ಹೊಡೆದು ತೋರಿಸಿದ್ರೆ ಏನೂ ಗೊತ್ತಾಗಲ್ಲ. ಬೀರು ಸ್ವಲ್ಪ ಸರಿಸೋಕೆ ಹೇಳಿ ಅದ್ರ ಹಿಂದಿನ ಗೋಡೆ ನೋಡಿ, ಉಗುರಲ್ಲಿ ಗೀರಿ ನೋಡಿ, ಪೇಂಟ್ ಚಕ್ಕೆ ಎದ್ದು ಒಳಗೆ ಬೆಳ್ಳಗೆ ಉಪ್ಪಿನ ಥರ ಪುಡಿ ಬಂದ್ರೆ ನೀರು ಕೂರ್ತಾ ಇದೆ ಅಂತ ಅರ್ಥ, ಆ ಗೋಡೆಗೆ ಎಷ್ಟು ಪೇಂಟ್ ಹೊಡೆದ್ರೂ ನಿಲ್ಲಲ್ಲ. ತಾರಸಿ ಮೇಲೆ ಶೀಟ್ ಹಾಕಿದಾರಾ ನೋಡಿ, ಇಲ್ದಿದ್ರೆ ಆ ಖರ್ಚೂ ನಿಮ್ದೇ, ಆದ್ರೆ ಅದು ದಂಡ ಅಲ್ಲ, ಯಾಕಂದ್ರೆ ಮನೆ ನೋಡೋಕೆ ಬರೋ ಹೆಂಗಸರು ಮೊದ್ಲು ಕೇಳೋದೇ ಮಳೆಗಾಲದಲ್ಲಿ ಬಟ್ಟೆ ಒಣಗಿಸೋಕೆ ಎಲ್ಲಿ ಜಾಗ ಅಂತ. ಬಚ್ಚಲಲ್ಲಿ ಹಂಡೆ ಒಲೆ ಇದ್ರೆ ತೆಗೆಸ್ಬೇಡಿ. ಲೈನ್ ಮೇಲೆ ಮರ ಬಿದ್ದು ಕರೆಂಟ್ ಇಲ್ಲ, ಬಿಸಿಲಿಲ್ದೆ ಸೋಲಾರೂ ಇಲ್ಲ ಅನ್ನೋ ವಾರದಲ್ಲಿ ಅದೇ ಗತಿ.

ಹೋಂಸ್ಟೇಗೆ ನಂದು ಬೇಡ ಅಂತಾನೇ ಸಲಹೆ. ಪ್ರವಾಸೋದ್ಯಮ ಇಲಾಖೆಯಲ್ಲಿ ರಿಜಿಸ್ಟರ್ ಆಗ್ಬೇಕು, ಓನರ್ ಅಲ್ಲೇ ವಾಸ ಇರ್ಬೇಕು, ನೀವು ಸುಂಟಿಕೊಪ್ಪದಲ್ಲಿ ತೋಟ ನೋಡ್ಕೊಂಡು ಮಡಿಕೇರಿಯಲ್ಲಿ ಗೆಸ್ಟ್ ನೋಡ್ಕೊಳ್ಳೋದು ಆಗೋ ಮಾತಾ? 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಟೂರಿಸ್ಟ್‌ಗಳನ್ನೇ ಬರ್ಬೇಡಿ ಅಂದಿದ್ರು, ಹೋಂಸ್ಟೇಗಳೆಲ್ಲ ಖಾಲಿ. ಮಡಿಕೇರಿಯಲ್ಲಿ ತಗೊಳ್ಳೋದೇ ಆದ್ರೆ ಬರೆ (ಗುಡ್ಡದ ಇಳಿಜಾರು) ಕಡಿದು ಕಟ್ಟಿದ ಮನೆ ಬೇಡ, ಮೆಡಿಕಲ್ ಕಾಲೇಜಿನ ಸ್ಟಾಫ್‌ಗೆ ತಿಂಗಳ ಬಾಡಿಗೆಗೆ ಕೊಡಿ.

ವಿರಾಜಪೇಟೆ ಲೆಕ್ಕದವನು:
ಪೇಪರ್ ವಿಷ್ಯ ಯಾರೂ ಹೇಳಿಲ್ಲ. ಇ-ಖಾತಾ, ಕನ್ವರ್ಷನ್ ಆರ್ಡರ್ (ಕೃಷಿ ಜಾಗನ ಮನೆ ಕಟ್ಟೋಕೆ ಬದಲಾಯಿಸಿದ ಆದೇಶ), ಹಳೇ ಕ್ರಯಪತ್ರಗಳು, ಇಸಿ (ಋಣಭಾರ ಪತ್ರ), ಇಷ್ಟೂ ಲಾಯರಿಗೆ ತೋರಿಸದೆ ಅಡ್ವಾನ್ಸ್ ಕೊಡ್ಬೇಡಿ ಮೇಡಂ. ಕೊಡಗಲ್ಲಿ ಬೇರೆ ಕಡೆ ನೋಡೋದಾದ್ರೆ ಜಾಗ ಮೂಲದಲ್ಲಿ ಜಮ್ಮಾ ಬಾಣೆಯಾ (ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗ) ಕೇಳಿ, ಹೌದಾದ್ರೆ ಮನೆತನದ ಪರವಾಗಿ ಹೆಸರಿರೋ ಪಟ್ಟೆದಾರರ ಒಬ್ಬರ ಸೈನ್ ಸಾಕಾಗಲ್ಲ, ಒಕ್ಕದ (ಮನೆತನದ) ಹಕ್ಕುದಾರರೆಲ್ಲ ಒಪ್ಪಿರ್ಬೇಕು.

ಎರಡು ಪೋರ್ಶನ್‌ಗೂ ಬೇರೆ ಬೇರೆ ಮೀಟರ್ ಇದ್ಯಾ ನೋಡಿ. ಗೃಹಜ್ಯೋತಿ ಬಾಡಿಗೆಯವ್ರಿಗೂ ಇದೆ, ಒಂದೇ ಮೀಟರ್ ಆದ್ರೆ ಎರಡು ಮನೆ ಸೇರಿ 200 ಯೂನಿಟ್ ದಾಟುತ್ತೆ, ಆಮೇಲೆ ಬಿಲ್ ಯಾರು ಕಟ್ಟೋದು ಅಂತ ಪ್ರತಿ ತಿಂಗಳು ಮೇಲಿನವ್ರಿಗೂ ಕೆಳಗಿನವ್ರಿಗೂ ಮನಸ್ತಾಪ.

ಟ್ಯಾಕ್ಸ್: ತೋಟದ ಆದಾಯದ ಥರ ಬಾಡಿಗೆಗೆ ವಿನಾಯಿತಿ ಇಲ್ಲ, ರಿಟರ್ನಲ್ಲಿ ತೋರಿಸ್ಬೇಕು. ನೀವು ಕಟ್ಟಿದ ಮನೆ ಕಂದಾಯ ಕಳೆದು ಉಳಿದಿದ್ರಲ್ಲಿ 30 ಪರ್ಸೆಂಟ್ ರಿಪೇರಿ ಬಿಲ್ ಏನೂ ತೋರಿಸದೇನೇ ಬಿಡ್ತಾರೆ, ಲೋನ್ ಬಡ್ಡಿನೂ ಕಳೀಬಹುದು. ಆದ್ರೆ ಇನ್ಕಂ ಟ್ಯಾಕ್ಸಿನ ಹೊಸ ರಿಜೀಮಲ್ಲಿ ಬಡ್ಡಿ ಜಾಸ್ತಿಯಾಗಿ ಮನೆ ಲೆಕ್ಕದಲ್ಲಿ ಲಾಸ್ ಬಂದ್ರೆ ಅದನ್ನ ಸಂಬಳ ಥರದ ಬೇರೆ ಆದಾಯದಲ್ಲಿ ಕಳೆಯೋಕೆ ಬರಲ್ಲ.

ಸುಂಟಿಕೊಪ್ಪದವಳು:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಲೀಸ್ ದುಡ್ಡು ನಮ್ಮ ತಲೆ ಮೇಲೆ ಬರುತ್ತೆ ಅಂತ ಗೊತ್ತೇ ಇರ್ಲಿಲ್ಲ. 25 ಲಕ್ಷ ಲೋನ್ ಬೇಡ ಅಂತ ಮನೆಯವ್ರೂ ಹೇಳ್ತಿದಾರೆ, ಒಂದೇ ಪೋರ್ಶನ್ ಇರೋ ಚಿಕ್ಕ ಮನೆ ಸಿಗುತ್ತಾ ನೋಡ್ತೀವಿ. ಇನ್ನೊಂದು ಕೇಳ್ಬೇಕಿತ್ತು, ಬಾಡಿಗೆ ಅಗ್ರಿಮೆಂಟ್ 11 ತಿಂಗಳಿಗೇ ಯಾಕೆ ಮಾಡ್ತಾರೆ?

ಕೂಡಿಗೆ ರೋಡ್:
ಒಂದು ವರ್ಷ ದಾಟಿದ್ರೆ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸ್ಬೇಕು ಅಕ್ಕ, ಅದಕ್ಕೇ 11. ಸಣ್ಣ ಮನೆ ನೋಡ್ತೀನಿ ಅಂದಿದ್ದು ಒಳ್ಳೇದಾಯ್ತು, ಲೋನ್ 10 ಲಕ್ಷದ ಒಳಗಿದ್ರೆ ಕಂತು 10 ಸಾವಿರದ ಆಸುಪಾಸು, ಬಾಡಿಗೆ 9 ಬಂದ್ರೂ ಕೈಯಿಂದ ಜಾಸ್ತಿ ಹಾಕ್ಬೇಕಾಗಲ್ಲ. ಅಗ್ರಿಮೆಂಟಲ್ಲಿ ಬಾಡಿಗೆ ಎಷ್ಟು ಏರಿಸ್ತೀರ, ಬಿಡೋಕೆ ಎಷ್ಟು ತಿಂಗಳು ಮುಂಚೆ ಹೇಳ್ಬೇಕು, ಬಿಡುವಾಗ ಪೇಂಟಿಗೆ ಅಡ್ವಾನ್ಸಲ್ಲಿ ಎಷ್ಟು ಹಿಡೀತೀರ, ಈ ಮೂರೂ ಬರ್ಸಿ. ಬರೋರ ಆಧಾರ್ ಕಾಪಿ, ಫೋಟೋ ಇಸ್ಕೊಂಡು ಸ್ಟೇಷನ್ನಿಗೆ ಒಂದು ಕಾಪಿ ಕೊಟ್ಟುಬಿಡಿ.