ಕಾಡಂಚಿನ ತೋಟಕ್ಕೆ ಬೆಂಕಿ ರೇಖೆ ಎಷ್ಟು ಅಗಲ ಬೇಕು?

ಪ್ರಶ್ನೆ: ಊರಿನ ಹತ್ತು ಮನೆಯವರು ಸೇರಿ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರೋ ಕಾಡು) ಅಂಚಿಗೆ ಬೆಂಕಿ ರೇಖೆ, ಅಂದ್ರೆ ಕಾಡಿನ ಬೆಂಕಿ ದಾಟದಂತೆ ಸವರಿದ ಬೋಳು ಪಟ್ಟಿ, ಮಾಡಬೇಕೆಂದಿದ್ದೇವೆ. ಇಳಿಜಾರು ಜಾಗ, ಲಂಟಾನ ಜಾಸ್ತಿ. ಯಾವಾಗ, ಹೇಗೆ ಮಾಡೋದು?

ಉತ್ತರ 1: ಡಿಸೆಂಬರ್ ಕೊನೆಯೊಳಗೆ ಸವರಿಬಿಡಿ. ಸಮತಟ್ಟಿನಲ್ಲಿ ಹುಲ್ಲಿನ ಎತ್ತರದ ಮೂರು ಪಟ್ಟು ಅಗಲ ಕನಿಷ್ಠ. ಇಳಿಜಾರಿನಲ್ಲಿ ಅಷ್ಟು ಸಾಲದು: ಪ್ರತಿ 10 ಡಿಗ್ರಿ ಏರಿಗೆ ಬೆಂಕಿಯ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತೆ. ಹಾಗಾಗಿ ತೋಟದ ಕೆಳಗಿನ ಮಗ್ಗುಲನ್ನೇ ಅಗಲ ಮಾಡಿ. ಹುಲ್ಲು ಸವರಿದ್ರೆ ಮುಗೀಲಿಲ್ಲ, ಮಣ್ಣು ಕಾಣೋವರೆಗೆ ದರಗು (ಉದುರಿದ ಒಣಎಲೆ) ಗುಡಿಸಬೇಕು. ಫೆಬ್ರವರಿಯಲ್ಲಿ ಎಲೆ ಮತ್ತೆ ಉದುರುತ್ತೆ, ಆಗ ಇನ್ನೊಮ್ಮೆ. ಈ ಎರಡನೇ ಗುಡಿಸೋದನ್ನೇ ಎಲ್ಲರೂ ಮರೆಯೋದು.

ಉತ್ತರ 2: ಲಂಟಾನ ಕಡಿದು ರೇಖೆಯ ಪಕ್ಕದಲ್ಲೇ ರಾಶಿ ಹಾಕಬೇಡಿ, ಅದೇ ಒಣ ಸೌದೆ ಆಗುತ್ತೆ. ಮಳೆಗಾಲದಲ್ಲಿ ಬುಡಸಮೇತ ಕೀಳೋದು ಸುಲಭ. ಮರಕ್ಕೆ ಹಬ್ಬಿದ್ದನ್ನು ಮೊದಲು ಬಿಡಿಸಿ, ಬೆಂಕಿ ಅದನ್ನೇ ಏಣಿ ಮಾಡ್ಕೊಂಡು ತುದಿಗೆ ಹತ್ತುತ್ತೆ. ಅಂಚಿನ ಒಣಮರ ರೇಖೆಗೆ ಅಡ್ಡ ಬೀಳುವಂತಿದ್ರೆ ಅರಣ್ಯ ಇಲಾಖೆಗೆ ತಿಳಿಸಿ. ಸುಟ್ಟು ರೇಖೆ ಮಾಡೋ ಕೆಲಸಕ್ಕಂತೂ ನೀವೇ ಕೈ ಹಾಕಬೇಡಿ, ಇಲಾಖೆಯವರಿಗೆ ಬಿಡಿ.

ಉತ್ತರ 3: ಬೆಂಕಿ ಬಂದ್ರೆ ಆರಿಸೋಕೆ ಔಷಧಿ ಹೊಡೆಯೋ 16 ಲೀಟರ್ ಬೆನ್ನು ಪಂಪು ನಾಲ್ಕು, ಚೆನ್ನಾಗಿ ತೊಳೆದು ಬರೀ ನೀರು ತುಂಬಿಸಿಡಿ. ಹಸಿ ಸೊಪ್ಪಿನ ಬರಲಿನಿಂದ ಬೀಸಿ ಹೊಡೀಬಾರದು, ಕಿಡಿ ಹಾರುತ್ತೆ, ಒತ್ತಿ ಹಿಡೀಬೇಕು. ನೈಲಾನ್ ಬಟ್ಟೆ ಬೇಡ. ಆರಿದ ಮೇಲೂ ಸಗಣಿ, ಮರದ ಮೊಂಡು ಒಳಗೊಳಗೇ ಉರೀತಿರುತ್ತೆ, ರಾತ್ರಿ ಕಾವಲಿರಲಿ. ಅರಣ್ಯ ಸಹಾಯವಾಣಿ 1926.