ಬ್ಯಾಂಡ್ ಸಾ ಕ್ಲೀನ್ ಮಾಡೋದ್ರಲ್ಲೇ ಭಾನುವಾರ ಮುಗಿಯುತ್ತೆ, ನೀವೇನು ಮಾಡ್ತೀರಿ?

ಕೇಳಿದವರು: ಶೆಡ್ಡಿನಲ್ಲಿ 14 ಇಂಚಿನ ಬ್ಯಾಂಡ್ ಸಾ ಇದೆ, ಮೇಲೆ ಕೆಳಗೆ ಎರಡು ಚಕ್ರಕ್ಕೆ ಪಟ್ಟಿಯಂಥ ಬ್ಲೇಡ್ ಸುತ್ತಿ ಮರ ಕೊಯ್ಯುವ ಮೆಷಿನ್. ಭಾನುವಾರ ಮಾತ್ರ ಕೆಲಸ. ಹೊಟ್ಟು ತೆಗೆದು ಬ್ಲೇಡ್ ಸರಿ ಮಾಡುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಈ ರಗಳೆ ಕಡಿಮೆ ಮಾಡಿಕೊಂಡವರು ಇದ್ದರೆ ಹೇಳಿ.

ಪುತ್ತೂರಿನಿಂದ: ನಿಮ್ಮ ಅರ್ಧ ದಿನ ತಿನ್ನುತ್ತಿರುವುದು ಕೆಳಗಿನ ಚಕ್ರ ಇರಬೇಕು. ಹೊಟ್ಟು ಬೀಳುವುದೇ ಅಲ್ಲಿ ಅಲ್ವಾ. ಬ್ಲೇಡಿಗೂ ಚಕ್ರದ ಮೇಲಿನ ರಬ್ಬರ್ ಟೈರಿಗೂ ನಡುವೆ ಸಿಕ್ಕಿ, ಒತ್ತಿ ಒತ್ತಿ ಗಟ್ಟಿ ಚಕ್ಕೆಯಾಗುತ್ತದೆ. ಅಂಟು ಸುರಿಯುವ ಮರ ಕೊಯ್ದರಂತೂ ಉಗುರಲ್ಲಿ ಕೆರೆದರೂ ಬರುವುದಿಲ್ಲ. ಆಮೇಲೆ ಬ್ಲೇಡ್ ಅದರ ಮೇಲೆ ಹತ್ತಿ ಇಳಿದು ಟಕ್ ಟಕ್ ಅನ್ನುತ್ತದೆ. ನಾವು ಸುಮ್ನೆ ಬ್ಲೇಡ್ ಅಲುಗದಂತೆ ಹಿಡಿಯುವ ಗೈಡ್ ಬೇರಿಂಗ್ ಬಿಚ್ಚಿ ಕೂರುತ್ತೇವೆ!

ನಾನು ಮಾಡಿದ್ದು ಇಷ್ಟೇ. ಬಟ್ಟೆ ಒಗೆಯುವ ನೈಲಾನ್ ಬ್ರಷ್ಷಿನಿಂದ ಎರಡು ಇಂಚು ಕತ್ತರಿಸಿ, ಮೂಲೆಪಟ್ಟಿಗೆ ಸ್ಕ್ರೂ ಹಾಕಿ ಒಳಗೆ ಕೂರಿಸಿದೆ. ಕೆಳಗಿನ ಚಕ್ರದ ಮೇಲರ್ಧಕ್ಕೆ ಬ್ಲೇಡ್ ಸುತ್ತಿರುವುದಿಲ್ಲ, ಬ್ರಷ್ ಅಲ್ಲಿರಲಿ. ಬ್ರಷ್ಷಿನ ಎಳೆಗಳ ತುದಿ ಟೈರಿಗೆ ಸೋಕಿದರೆ ಸಾಕು. ಸ್ಕ್ರೂ ತೂತು ಉದ್ದಕ್ಕೆ ಕೊರೆಯಿರಿ, ಎಳೆ ಸವೆದಾಗ ಮುಂದೆ ಸರಿಸಬಹುದು. ತಂತಿ ಬ್ರಷ್ ಬೇಡವೇ ಬೇಡ, ರಬ್ಬರ್ ಹಾಳಾಗುತ್ತದೆ.

ಮೈಸೂರಿನಿಂದ: ಬ್ರಷ್ ಒಳ್ಳೆಯದು. ಅದರ ಜೊತೆ, ಕೆಲಸ ಮುಗಿದ ಮೇಲೆ ಟೆನ್ಷನ್, ಅಂದರೆ ಬ್ಲೇಡಿನ ಬಿಗಿ, ಇಳಿಸಿ. ವಾರವಿಡೀ ಬಿಗಿದೇ ಬಿಟ್ಟರೆ ಟೈರಿನಲ್ಲಿ ತಗ್ಗು ಬೀಳುತ್ತದೆ, ಸ್ಪ್ರಿಂಗ್ ಸೋಲುತ್ತದೆ. ನನ್ನದಕ್ಕೆ ಟೆನ್ಷನ್ ಹಿಡಿಯನ್ನು ನಾಲ್ಕು ಸುತ್ತು ಇಳಿಸಿದರೆ ಸಾಕು, ಬಿಗಿಯುವಾಗಲೂ ಅದೇ ನಾಲ್ಕು. ಮೆಷಿನ್ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ. ಒಂದು ಸಲ ಬಿಗಿಯುವುದು ಮರೆತು ಸ್ವಿಚ್ ಹಾಕಿಬಿಟ್ಟೆ. ಬ್ಲೇಡ್ ಚಕ್ರದಿಂದ ಜಾರಿ ಒಳಗೇ ಮುದುಡಿಕೊಂಡಿತು. ಪುಣ್ಯಕ್ಕೆ ಬಾಗಿಲು ಹಾಕಿತ್ತು. ಈಗ ಟೆನ್ಷನ್ ಇಳಿಸಿದ ಕೂಡಲೇ ಪ್ಲಗ್ ಕಿತ್ತು, ವೈರನ್ನು ಟೆನ್ಷನ್ ಹಿಡಿಗೇ ಸುತ್ತಿಡುತ್ತೇನೆ. ಹಿಡಿ ಮುಟ್ಟದೆ ಕರೆಂಟ್ ಕೊಡೋಕೇ ಆಗಲ್ಲ.

ತೀರ್ಥಹಳ್ಳಿಯಿಂದ: ಬೇರಿಂಗ್ ಮುಟ್ಟಲೇಬೇಕಾದರೆ ಪಕ್ಕದ ಎರಡಕ್ಕೂ ಬ್ಲೇಡಿಗೂ ನಡುವೆ ಅಂಗಡಿ ಬಿಲ್ಲಿನ ಚೂರು ಇಟ್ಟು ಬಿಗಿಯಿರಿ, ಆಮೇಲೆ ಚೂರು ಎಳೆದುಬಿಡಿ. ಹಲ್ಲಿಗೆ ಮಾತ್ರ ಬೇರಿಂಗ್ ತಾಗಬಾರದು. ಬೇರಿಂಗ್ ಸ್ಕ್ರೂ ತಿರುಗಿಸುವ ಅಲೆನ್ ಕೀ ಮೆಷಿನ್ನಿಗೇ ಮ್ಯಾಗ್ನೆಟ್‌ನಲ್ಲಿ ಅಂಟಿಸಿಡಿ. ನನ್ನ ಅರ್ಧ ಹೊತ್ತು ಹೋಗುತ್ತಿದ್ದದ್ದು ಅದನ್ನು ಹುಡುಕುವುದರಲ್ಲೇ. ನಮ್ಮ ಕಡೆ ಮಳೆಗಾಲದಲ್ಲಿ ಬೀಡು ಕಬ್ಬಿಣದ ಟೇಬಲ್ ಒಂದೇ ವಾರಕ್ಕೆ ತುಕ್ಕು. ತೆಂಗಿನೆಣ್ಣೆ ಹಚ್ಚಿ ನೋಡಿದೆ. ಹೊಟ್ಟೆಲ್ಲ ಅಂಟಿ ಇನ್ನೊಂದು ಕೆಲಸವಾಯಿತು. ಈಗ ಮೇಣ ತಿಕ್ಕುತ್ತೇನೆ, ಮರವೂ ಸಲೀಸಾಗಿ ಜಾರುತ್ತದೆ.

ಕೇಳಿದವರು: ಈಗಷ್ಟೇ ಪ್ಲಗ್ ತೆಗೆದು ಕೆಳಗಿನ ಬಾಗಿಲು ತೆರೆದೆ. ಟೈರಿನ ಮೇಲೆ ಎರಡು ಕಡೆ ಹಪ್ಪಳದಷ್ಟು ದಪ್ಪ ಚಕ್ಕೆ! ಬೇರಿಂಗ್ ಪಾಪ, ಅದರ ತಪ್ಪೇ ಇರಲಿಲ್ಲ. ಇನ್ನು ಬಚ್ಚಲಿನ ಬ್ರಷ್ ಅರ್ಧ ಆಗಿರುವುದಕ್ಕೆ ಮನೆಯಲ್ಲಿ ಏನು ಹೇಳಲಿ, ಅದನ್ನೂ ಯಾರಾದರೂ ಹೇಳಿ.